ಒಂದೇ ಗುಂಡಿಯ ಮೂರು ಗಡಿಯಾರಗಳು

ಇನ್ನೂ ಹೆಸರಿಡದ ಪುಟ್ಟ ಜೀವಕ್ಕೆ,

ನಿನಗೆ ಕಾಗದ ಬರೆಯುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮಗು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ತರುವ ಕ್ರಮವಿಲ್ಲ. ಬಟ್ಟೆ ಇಲ್ಲ, ತೊಟ್ಟಿಲು ಇಲ್ಲ, ಹೆಸರಿನ ಮಾತಂತೂ ಇಲ್ಲವೇ ಇಲ್ಲ. ನಿನ್ನ ಅಜ್ಜಿ ಕಾಂತಿ, ಅಂದರೆ ನನ್ನ ತಂಗಿ, ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಅಣ್ಣ, ಮಗುವಿಗೆ ಅಂತ ಎಂತದ್ದೂ ಹಿಡ್ಕೊಂಡು ಬರ್ಲಿಕ್ಕಿಲ್ಲ ಆಯ್ತಾ, ಬಂದ ಮೇಲೆ ನೋಡುವ" ಎಂದು ನನಗೆ ಮೊದಲೇ ಹೇಳಿಟ್ಟಿದ್ದಾಳೆ. ಕಾಗದದ ಬಗ್ಗೆ ಮಾತ್ರ ಅವಳು ಏನೂ ಹೇಳಿಲ್ಲ. ಅಷ್ಟು ಸಂದು ಸಿಕ್ಕಿದ್ದರಿಂದ ಬರೆಯುತ್ತಿದ್ದೇನೆ.

ನಾನು ಕಮಲಾಕ್ಷ, ನಿನ್ನ ಅಮ್ಮ ಪ್ರಾಪ್ತಿಯ ಸೋದರಮಾವ. ಶಾರ್ಜಾದ ಒಂದು ಗಡಿಯಾರದ ಅಂಗಡಿಯಲ್ಲಿ ಬಹುಕಾಲ ದುಡಿದು ಬಂದು, ಈಗ ಮೂಡುಬಿದಿರೆಯ ಹತ್ತಿರ ತೋಡಾರಿನಲ್ಲಿ ಒಬ್ಬನೇ ಇದ್ದೇನೆ. ಒಬ್ಬನೇ ಎಂದ ಕೂಡಲೇ ಅಯ್ಯೋ ಪಾಪ ಅನ್ನಬೇಡ, ನಾನು ಬೇಕೆಂದೇ ಹಾಗಿರುವುದು. ಜನ ನನ್ನನ್ನು ಮರದ ಮನುಷ್ಯ ಎನ್ನುತ್ತಾರೆ. ಮದುವೆಯಲ್ಲೂ ಸತ್ತವರ ಬೊಜ್ಜದಲ್ಲೂ ನನ್ನ ಮುಖ ಒಂದೇ ಥರ ಇರುತ್ತದಂತೆ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಇನ್ನು, ನಮ್ಮಲ್ಲಿ ಕುಟುಂಬ ಹೆಣ್ಣಿನ ಕಡೆಯಿಂದ ಸಾಗುತ್ತದೆ. ತಂಗಿ, ತಂಗಿಯ ಮಗಳು, ಆಮೇಲೆ ನೀನು. ಆದ್ದರಿಂದ ನನ್ನಲ್ಲಿ ಇರುವುದೆಲ್ಲ ಒಂದು ದಿನ ನಿನ್ನ ಕೈಗೇ ಬರುವುದು. ಇರುವುದಾದರೂ ಏನು, ಒಂದಷ್ಟು ಕೈಗಡಿಯಾರಗಳು. ಅವುಗಳಲ್ಲಿ ಮೂರರ ಬಗ್ಗೆ ಹೇಳಬೇಕು.

ಕೈಗಡಿಯಾರ ಸಂಗ್ರಹಿಸುವ ಹುಚ್ಚರ ಒಂದು ವಾಟ್ಸಾಪ್ ಗುಂಪು ಇದೆ. ಒಂದೇ ಗುಂಡಿಯ ಕ್ರೋನೋಗ್ರಾಫ್‌ಗಳನ್ನು ಹೋಲಿಸಿ, ಕೊಳ್ಳುವವರಿಗೆ ಉಪಯೋಗವಾಗುವ ಹಾಗೆ ಬರೆದುಕೊಡಿ ಎಂದು ಅಲ್ಲಿಯವರು ಕೇಳಿದ್ದರು. ಕ್ರೋನೋಗ್ರಾಫ್ ಎಂದರೆ ಹೊತ್ತು ತೋರಿಸುವುದರ ಜೊತೆಗೆ, ಬೇಕಾದಾಗ ಒಂದು ಉದ್ದದ ಮುಳ್ಳನ್ನು ಓಡಿಸಿ ನಿಲ್ಲಿಸಿ ಸೆಕೆಂಡು ಅಳೆಯಬಹುದಾದ ಗಡಿಯಾರ. ಸಾಮಾನ್ಯವಾಗಿ ಅದಕ್ಕೆ ಎರಡು ಗುಂಡಿ. ಒಂದರಿಂದ ಓಡಿಸಬಹುದು, ನಿಲ್ಲಿಸಬಹುದು, ಮತ್ತೆ ನಿಂತಲ್ಲಿಂದಲೇ ಓಡಿಸಬಹುದು. ಮುಳ್ಳನ್ನು ಸೊನ್ನೆಗೆ ತರಲು ಇನ್ನೊಂದು. ಅದಕ್ಕಿಂತ ಹಳೆಯ ಕ್ರಮ ಒಂದೇ ಗುಂಡಿಯದು. ಮೊದಲ ಸಲ ಒತ್ತಿದರೆ ಹೊರಡುತ್ತದೆ, ಎರಡನೆಯ ಸಲಕ್ಕೆ ನಿಲ್ಲುತ್ತದೆ, ಮೂರನೆಯ ಸಲಕ್ಕೆ ಸೊನ್ನೆಗೆ ಹೋಗುತ್ತದೆ. ನಡುವೆ ನಿಂತು ಉಸಿರು ತೆಗೆದುಕೊಂಡು ಮುಂದುವರಿಯುವ ಉಪಾಯ ಅದರಲ್ಲಿ ಇಲ್ಲ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನನ್ನ ಗಡಿಯಾರಗಳನ್ನು ಬಿಚ್ಚಿ ಎಣ್ಣೆ ಹಾಕಿಕೊಡುವ ಉನೈಸ್‌ಗೆ ಇವುಗಳನ್ನು ಕಂಡರೆ ತಮಾಷೆ. "ಕಮಲಾಕ್ಷಣ್ಣ, ಇದೂ ಒಂಟಿ, ನೀವೂ ಒಂಟಿ, ಸರಿಯಾದ ಜೋಡಿ ಮಾರಾಯ್ರೆ" ಎನ್ನುತ್ತಾನೆ.

ಮೂರರಲ್ಲಿ ಮೊದಲನೆಯದು ಬೆಳ್ಳಿಯ ಕವಚದ್ದು. ಕೀ ಕೊಡುವ ತಿರುಪಿನ ತಲೆಯೇ ಅದರ ಗುಂಡಿ. ಡಯಲಿನ ಅಂಚಿನಲ್ಲಿ ಕಿಲೋಮೀಟರಿನ ಅಂಕಿಗಳಿವೆ. ಮಿಂಚು ಕಂಡಾಗ ಒತ್ತಬೇಕು, ಗುಡುಗು ಕೇಳಿದಾಗ ಒತ್ತಬೇಕು, ಮುಳ್ಳು ನಿಂತ ಕಡೆ ಎಷ್ಟಿದೆಯೋ ಸಿಡಿಲು ಅಷ್ಟು ದೂರ. ಸಂಗ್ರಹಕಾರನ ಕಣ್ಣಿನಿಂದ ಹೇಳುವುದಾದರೆ ಇದರ ಮುಳ್ಳು ಹೊರಡುವಾಗ ಸ್ವಲ್ಪ ಬೆಚ್ಚುತ್ತದೆ, ಗುಂಡಿಯೂ ಗಟ್ಟಿ. ಡಯಲಿಗೆ ಯಾರೋ ಒಮ್ಮೆ ಹೊಸದಾಗಿ ಬಣ್ಣ ಬಳಿಸಿದ್ದಾರೆ, ಆದ್ದರಿಂದ ತಿಳಿದವರು ಮೂಗು ಮುರಿಯುತ್ತಾರೆ. ಆದರೆ ನಿನ್ನ ಅಮ್ಮನಿಗೆ ಚಿಕ್ಕಂದಿನಲ್ಲಿ ಇದೇ ಪ್ರೀತಿ. ಅವರ ಮನೆ ಉಜಿರೆಯಲ್ಲಿ. ನಿನ್ನ ಅಜ್ಜಿ ಕಾಲೇಜು ಮಕ್ಕಳಿಗೆ ರೂಮು ಕೊಟ್ಟು ಊಟ ಹಾಕುವ ಮನೆ. ನಾನು ರಜೆಯಲ್ಲಿ ಬಂದಾಗ ಅವಳು ಈ ಗಡಿಯಾರ ಕಟ್ಟಿಕೊಂಡು ತಾರಸಿಯ ಬಾಗಿಲಲ್ಲಿ ಕೂರುತ್ತಿದ್ದಳು. ಸಂಜೆ ಮಳೆ ಬರುವ ಮೊದಲು ಚಾರ್ಮಾಡಿ ಕಡೆ ಮಿಂಚುತ್ತಿತ್ತು. ಎರಡು ಹೆಬ್ಬೆರಳು ಸೇರಿಸಿ ಗುಂಡಿ ಒತ್ತಿ, "ಮಾಮ, ಸಿಡಿಲು ಮುಂಡಾಜೆಗೆ ಬಂತು! ಈಗ ಇನ್ನೂ ಹತ್ತಿರ ಉಂಟು!" ಎಂದು ಕೂಗುತ್ತಿದ್ದಳು. ಹೆದರಿಕೆ ಎನ್ನುವುದು ಅವಳಿಗೆ ಆಗ ಗೊತ್ತಿರಲಿಲ್ಲ.

ಎರಡನೆಯದು ವೈದ್ಯರ ಗಡಿಯಾರ. ಶಾರ್ಜಾದಲ್ಲಿ ನಮ್ಮ ಅಂಗಡಿಗೆ ಬರುತ್ತಿದ್ದ ಈಜಿಪ್ಟಿನ ಒಬ್ಬ ವೃದ್ಧ ಡಾಕ್ಟರು ಊರಿಗೆ ಹೋಗುವಾಗ ನನಗೆ ಬಿಟ್ಟುಕೊಟ್ಟದ್ದು. ಬಿಳಿ ಎನಾಮೆಲ್ ಡಯಲು, ಅಂಚಿನಲ್ಲಿ ಕೆಂಪು ಅಂಕಿ, ಎರಡು ಗಂಟೆಯ ಜಾಗದಲ್ಲಿ ಗುಂಡಿ. ಇದು ನಾಡಿ ನೋಡುವುದಕ್ಕೆ. ರೋಗಿಯ ಕೈ ಹಿಡಿದು ಒತ್ತಿ, ಮೂವತ್ತು ಬಡಿತ ಎಣಿಸಿ ಮತ್ತೆ ಒತ್ತಿದರೆ, ಮುಳ್ಳು ನಿಂತ ಕಡೆಯ ಕೆಂಪು ಅಂಕಿಯೇ ನಿಮಿಷಕ್ಕೆ ಎಷ್ಟು ಬಡಿತ ಎಂಬುದು. ಗುಣಾಕಾರ ಭಾಗಾಕಾರದ ತಲೆಬಿಸಿ ಇಲ್ಲ. ಎನಾಮೆಲಿನಲ್ಲಿ ಕೂದಲೆಳೆಯಷ್ಟು ಬಿರುಕೊಂದನ್ನು ಬಿಟ್ಟರೆ ಬೇರೆ ದೋಷವಿಲ್ಲ. ಗುಂಡಿ ಒತ್ತಿದಾಗ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಒಳಗೆ ಹೋಗುತ್ತದೆ. ಗುಂಪಿನವರಿಗೆ ನಾನು ಬರೆದದ್ದು ಇಷ್ಟೇ: ಇಂಥದ್ದು ಸಿಕ್ಕಿದರೆ ಎರಡನೆಯ ಯೋಚನೆ ಬೇಡ, ಆದರೆ ಮುಳ್ಳು ಸೊನ್ನೆಗೆ ಸರಿಯಾಗಿ ಬಂದು ಕೂರುತ್ತದೋ ಇಲ್ಲವೋ ನೋಡಿಕೊಳ್ಳಿ. ಕೂದಲಿನಷ್ಟು ಆಚೀಚೆ ಆದರೂ ಒಳಗೆ ಏನೋ ಸವೆದಿದೆ ಎಂದು ಅರ್ಥ.

ಈ ಗಡಿಯಾರದ ಜೊತೆ ಒಂದು ಮಾತು ಸೇರಿಕೊಂಡಿದೆ. ಅದನ್ನು ನಿನಗೆ ಹೇಳಬಾರದು, ಆದರೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ವರ್ಷದ ಹಿಂದೆ, ನಿನಗಿಂತ ಮೊದಲು, ನಿನ್ನ ಅಮ್ಮನ ಹೊಟ್ಟೆಯಲ್ಲಿ ಒಂದು ಮಗು ಇತ್ತು. ಬೆಳಗ್ಗೆ ಆಸ್ಪತ್ರೆಯಲ್ಲಿ ನೋಡಿ ಎಲ್ಲ ಸರಿ ಇದೆ ಎಂದಿದ್ದರು. ಸಂಜೆಗೆ ಇರಲಿಲ್ಲ. ಯಾರ ತಪ್ಪೂ ಅಲ್ಲ, ಕೆಲವೊಮ್ಮೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಆಮೇಲೆ ನಿನ್ನ ಅಪ್ಪ ತರುಣ್ ರಜೆ ಮುಗಿದು ದೋಹಾಕ್ಕೆ ಹೋದ. ಪ್ರಾಪ್ತಿ ನನ್ನಲ್ಲಿಗೆ ಬಂದು ಒಂದು ವಾರ ಇದ್ದಳು. ಒಂದು ಮಧ್ಯಾಹ್ನ ಈ ಬಿಳಿ ಗಡಿಯಾರವನ್ನು ಕೈಗೆ ತೆಗೆದುಕೊಂಡು ಓಡಿಸಿದಳು, ನಿಲ್ಲಿಸಿದಳು, ಮೂರನೆಯ ಸಲ ಒತ್ತಿದಳು. ಮುಳ್ಳು ಟಕ್ಕೆಂದು ಸೊನ್ನೆಗೆ ಹೋಯಿತು. "ಎಷ್ಟು ಸುಲಭ ಅಲ್ವಾ ಮಾಮ, ಸೊನ್ನೆಗೆ ಹೋಗುದು" ಎಂದಳು. ನಾನು ಒಳಗಿನ ಸ್ಪ್ರಿಂಗು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

ನಿನ್ನ ಸುದ್ದಿ ತಿಳಿದ ಮೇಲೂ ಅವಳು ಹೆಚ್ಚು ಮಾತಾಡಲಿಲ್ಲ. ಬೆಳ್ತಂಗಡಿಯ ಸಹಕಾರಿ ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ ತಾಯಿಯ ಮನೆಗೆ ಬಂದಳು. ಮಗುವಿಗೆ ಏನೂ ತರಬಾರದು ಎಂಬ ಕ್ರಮವನ್ನು ಕಾಂತಿಗಿಂತ ಹೆಚ್ಚು ಪಾಲಿಸಿದವಳು ಅವಳೇ. ಯಾರಾದರೂ ಗಂಡೋ ಹೆಣ್ಣೋ ಎಂದು ಊಹೆ ಮಾಡಲು ಹೊರಟರೆ ಎದ್ದು ಒಳಗೆ ಹೋಗುತ್ತಿದ್ದಳು. ನಿನ್ನನ್ನು ಅವಳು ಎಣಿಕೆಗೆ ತೆಗೆದುಕೊಳ್ಳಲು ಹೆದರುತ್ತಿದ್ದಳು, ಮಗು. ಪ್ರೀತಿ ಇಲ್ಲದೆ ಅಲ್ಲ.

ಮೂರನೆಯ ಗಡಿಯಾರ ಬಂದದ್ದು ಕಳೆದ ವಾರ. ಇದು ಈಗಿನ ಕಾಲದಲ್ಲಿ ಹಳೆಯ ಮಾದರಿ ನೋಡಿಕೊಂಡು ಮಾಡಿದ್ದು. ಇದೂ ನಾಡಿಯದೇ, ಇದೂ ಬಿಳಿ ಡಯಲು, ಇದಕ್ಕೂ ಕೆಂಪು ಅಂಕಿ. ಗುಂಡಿ ಚುರುಕು, ಮುಳ್ಳು ಬೆಚ್ಚುವುದಿಲ್ಲ, ನೀರು ಬಿದ್ದರೂ ತೊಂದರೆ ಇಲ್ಲ. ದಿನವೂ ಕಟ್ಟಿಕೊಳ್ಳುವವರಿಗೆ ಇದೇ ಒಳ್ಳೆಯದು ಎಂದು ಬರೆದಿದ್ದೆ. ಒಂದೇ ಒಂದು ವ್ಯತ್ಯಾಸ ಇದೆ. ಹಳೆಯದು ಮೂವತ್ತು ಬಡಿತಕ್ಕೆ ಅಳತೆ ಮಾಡಿದ್ದು, ಇದು ಹದಿನೈದಕ್ಕೆ. ಡಯಲಿನ ಕೆಳಗೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. "ಕೊಳ್ಳುವ ಮೊದಲು ಇದನ್ನು ಓದಿಕೊಳ್ಳಿ, ಓದದವರು ಪೆಚ್ಚಾಗುತ್ತಾರೆ" ಎಂದು ಗುಂಪಿನವರಿಗೆ ಬುದ್ಧಿ ಹೇಳಿದವನೂ ನಾನೇ. ಇದನ್ನು ನೆನಪಿಟ್ಟುಕೋ.

ಅದೇ ವಾರದ ಬುಧವಾರ. ಮೂರೂ ಗಡಿಯಾರಗಳನ್ನು ಚೀಲದಲ್ಲಿಟ್ಟುಕೊಂಡು ಉಜಿರೆಗೆ ಊಟಕ್ಕೆ ಹೋಗಿದ್ದೆ. ಬೆಳಗ್ಗೆ ನಿನ್ನ ಅಮ್ಮ ಬಂಟ್ವಾಳದ ಆಸ್ಪತ್ರೆಗೆ ತಪಾಸಣೆಗೆ ಹೋಗಿ ಬಂದಿದ್ದಳು. ಅಲ್ಲಿ ಹೊಟ್ಟೆಯ ಮೇಲೆ ಯಂತ್ರ ಇಟ್ಟು ನಿನ್ನ ಎದೆಬಡಿತ ಕೇಳಿಸಿದ್ದರಂತೆ. ದೋಹಾದಲ್ಲಿರುವ ತರುಣನಿಗೆಂದು ಅದನ್ನು ಫೋನಿನಲ್ಲಿ ಹಿಡಿದು ಮನೆಯ ಗುಂಪಿಗೂ ಹಾಕಿದ್ದಳು. ಊಟವಾಗಿ ಅವಳು ಮಲಗಿದ್ದಳು. ಕಾಂತಿ ಕಾಲೇಜು ಮಕ್ಕಳಿಗೆ ಬಡಿಸುತ್ತಿದ್ದಳು. ಜಗಲಿಯಲ್ಲಿ ಕೂತ ನನಗೆ ಹೊಸ ಗಡಿಯಾರವನ್ನು ಪರೀಕ್ಷೆ ಮಾಡುವ ಮನಸ್ಸಾಯಿತು. ನಾಡಿಯ ಗಡಿಯಾರಕ್ಕೆ ನಾಡಿಗಿಂತ ಒಳ್ಳೆಯ ಪರೀಕ್ಷೆ ಯಾವುದು? ನಿನ್ನ ಸದ್ದನ್ನು ಕಿವಿಗೆ ಹಾಕಿಕೊಂಡೆ. ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವ ಹಾಗೆ ಕೇಳುತ್ತಿತ್ತು. ಒತ್ತಿದೆ, ಮೂವತ್ತು ಎಣಿಸಿದೆ, ಒತ್ತಿದೆ.

ಮುಳ್ಳು ಎಪ್ಪತ್ತರಲ್ಲಿ ನಿಂತಿತ್ತು. ಹೊಟ್ಟೆಯ ಒಳಗಿನ ಮಗುವಿಗೆ ನೂರಿಪ್ಪತ್ತಕ್ಕಿಂತ ಕಡಿಮೆ ಇರಬಾರದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೇಗೆ ಗೊತ್ತಾಯಿತು ಎಂದು ಬರೆಯುವುದಿಲ್ಲ. ಇನ್ನೊಮ್ಮೆ ನೋಡಿದೆ. ಮತ್ತೆ ಎಪ್ಪತ್ತು. ಬೆಳಗ್ಗೆ ಆಸ್ಪತ್ರೆಯವರೇ ಸರಿ ಇದೆ ಎಂದಿದ್ದಾರಲ್ಲ ಎಂದು ಯೋಚಿಸಿದೆ. ಆದರೆ ಹೋದ ಸಲವೂ ಬೆಳಗ್ಗೆ ಸರಿಯೇ ಇತ್ತು. ಅಡುಗೆಮನೆಗೆ ಹೋಗಿ ಕಾಂತಿಯನ್ನು ಕರೆದು ಮೆಲ್ಲಗೆ ಹೇಳಿದೆ. ಅವಳ ಕೈಯ ಸೌಟು ಸಾರಿನ ಪಾತ್ರೆಗೆ ಬಿತ್ತು. ಹಿಂದೆ ತಿರುಗಿದರೆ ಬಾಗಿಲಲ್ಲಿ ನಿನ್ನ ಅಮ್ಮ ನಿಂತಿದ್ದಳು.

"ಎಂತ ಮಾಮ?" ಎಂದಳು. "ಗಡಿಯಾರ ಎಪ್ಪತ್ತು ತೋರಿಸ್ತಾ ಉಂಟು ಮಗಾ" ಎಂದೆ. ಅವಳು ಅಳಲಿಲ್ಲ. ಕೂದಲು ಕಟ್ಟಿಕೊಂಡು, ಆಸ್ಪತ್ರೆಯ ಫೈಲು ತೆಗೆದುಕೊಂಡು, "ಹೋಗುವ" ಎಂದು ಚಪ್ಪಲಿ ಹಾಕಿಕೊಂಡಳು. ಇದಕ್ಕಾಗಿಯೇ ಇಷ್ಟು ತಿಂಗಳಿಂದ ತಯಾರಾಗಿ ಕೂತಿದ್ದವಳ ಹಾಗೆ.

ಉಜಿರೆಯಿಂದ ಬಂಟ್ವಾಳಕ್ಕೆ ನಾನು ಅಷ್ಟು ಬೇಗ ಎಂದೂ ಕಾರು ಓಡಿಸಿಲ್ಲ. ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು, ದಾರಿಯುದ್ದಕ್ಕೂ ಹೊಂಡ ಮತ್ತು ಧೂಳು. ಬೆಳ್ತಂಗಡಿ ದಾಟಿತು, ಗುರುವಾಯನಕೆರೆ ದಾಟಿತು. ಕಾಂತಿ ಹಿಂದಿನ ಸೀಟಿನಲ್ಲಿ ಮನೆಯ ದೈವಕ್ಕೆ ಹರಕೆಯ ಮೇಲೆ ಹರಕೆ ಹೇಳಿಕೊಳ್ಳುತ್ತಿದ್ದಳು. "ಒದೆಯುದು ಗೊತ್ತಾಗ್ತದಾ ಮಗಾ?" ಎಂದು ಕೇಳಿದೆ. "ಗೊತ್ತಾಗುದಿಲ್ಲ ಮಾಮ, ಈ ಹೊಂಡದಲ್ಲಿ ಕಾರೇ ಹಾರ್ತಾ ಉಂಟು" ಎಂದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, ನನಗೂ ಕಾಂತಿಗೂ ಅಲ್ಲದ ಹಾಗೆ, "ಸ್ವಲ್ಪ ನಿಲ್ಲು. ಹೋಗ್ಬೇಡ ಆಯ್ತಾ" ಎಂದಳು. ಅವಳು ನಿನ್ನ ಜೊತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಅವಳನ್ನು ಕೂಡಲೇ ಒಳಗೆ ಕರೆದುಕೊಂಡು ಹೋದರು, ಕಾಂತಿಯೂ ಜೊತೆಗೆ ಹೋದಳು. ನಾನು ಹೊರಗೆ ಸ್ಟೀಲಿನ ಕುರ್ಚಿಯಲ್ಲಿ ಕೂತೆ. ಏನಾದರೂ ಮಾಡುತ್ತಿರಬೇಕಲ್ಲ, ಅದಕ್ಕೆ ಕೈಯಲ್ಲೇ ಉಳಿದಿದ್ದ ಹೊಸ ಗಡಿಯಾರವನ್ನು ಒತ್ತಿ, ನನ್ನದೇ ನಾಡಿ ಹಿಡಿದು ಮೂವತ್ತು ಎಣಿಸಿ ನೋಡಿದೆ. ಮುಳ್ಳು ಐವತ್ತೈದರಲ್ಲಿ ನಿಂತಿತು. ಐವತ್ತೈದು ಎಂದರೆ ಊಟ ಮಾಡಿ ಮಲಗಿದವನ ನಾಡಿ. ನಿಜ ಹೇಳಲೇ, ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು. ಇಂಥ ಹೊತ್ತಿನಲ್ಲೂ ಕಮಲಾಕ್ಷ ಅಲ್ಲಾಡಲಿಲ್ಲ ನೋಡಿ ಎಂದುಕೊಂಡೆ.

ಆಮೇಲೆ ನೋಡಿದರೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೊಣಕಾಲು ತಾನಾಗಿಯೇ ಕುಣಿಯುತ್ತಿತ್ತು. ಎದೆಯ ಸದ್ದು ಕಿವಿಯಲ್ಲಿ ಢವಢವ ಕೇಳುತ್ತಿತ್ತು. ಇಷ್ಟು ಹೆದರಿದವನ ನಾಡಿ ಐವತ್ತೈದು ಇರಲು ಸಾಧ್ಯವೇ ಇಲ್ಲ. ನಾನು ಹೆದರಿದ್ದೇನೆ. ಇದೊಂದು ಮಾತನ್ನು ನನಗೆ ನಾನೇ ಹೇಳಿಕೊಳ್ಳಲು ಅರವತ್ತು ದಾಟಬೇಕಾಯಿತು. ನಾನು ಹೆದರಿರುವುದು ನಿಜವಾದರೆ ಗಡಿಯಾರ ಹೇಳುತ್ತಿರುವುದು ಸುಳ್ಳು. ಕನ್ನಡಕ ಹಣೆಗೇರಿಸಿ ಡಯಲನ್ನು ಕಣ್ಣಿನ ಹತ್ತಿರ ತಂದು ಓದಿದೆ. ಹದಿನೈದು ಬಡಿತ. ನಾನು ಎಣಿಸಿದ್ದು ಮೂವತ್ತು. ಹಳೆಯ ಗಡಿಯಾರದ ಅಭ್ಯಾಸ ಬೆರಳಿನಲ್ಲೇ ಉಳಿದುಬಿಟ್ಟಿತ್ತು. ಎರಡರಷ್ಟು ಎಣಿಸಿದರೆ ಅಂಕಿ ಅರ್ಧವಾಗಿ ಬರುತ್ತದೆ. ನನ್ನದು ನೂರಹತ್ತು. ನಿನ್ನದು ನೂರನಲವತ್ತು, ಇರಬೇಕಾದಷ್ಟೇ.

ಎದ್ದು ನಿಂತು ಬಾಗಿಲಿಗೆ ಹೋಗುವಷ್ಟರಲ್ಲಿ ನರ್ಸ್ ಹರಿಣಾಕ್ಷಿ ಹೊರಗೆ ಬಂದಳು. "ಮಗು ಚುರುಕು ಉಂಟು ಅಜ್ಜ, ಎಂತ ಸಮಸ್ಯೆಯೂ ಇಲ್ಲ" ಎಂದಳು. ನನ್ನ ಮುಖ ನೋಡಿ, "ನಿಮ್ಮ ಬಿಪಿ ಒಮ್ಮೆ ನೋಡುವನಾ?" ಎಂದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟಳು. ನನಗೆ ಅಳು ಬಂತು. ಮದುವೆಯಲ್ಲೂ ಬೊಜ್ಜದಲ್ಲೂ ಬಾರದ್ದು, ಬಂಟ್ವಾಳದ ಆಸ್ಪತ್ರೆಯಲ್ಲಿ, ಗುರುತು ಪರಿಚಯ ಇಲ್ಲದ ಜನರ ಮುಂದೆ, ಪ್ಲಾಸ್ಟಿಕ್ ಲೋಟ ಹಿಡಿದುಕೊಂಡು ಬಂತು.

ವಾಪಸು ಬರುವಾಗ ಕಾರಿನಲ್ಲಿ ವಿಷಯ ಹೇಳಿದೆ. ಕಾಂತಿ ಬೈದ ಬೈಗುಳದಲ್ಲಿ ನಿನಗೆ ಹೇಳಬಹುದಾದದ್ದು ಒಂದೇ: "ನಿನ್ನ ವಾಚುಗಳನ್ನೆಲ್ಲ ಗಂಟು ಕಟ್ಟಿ ನೇತ್ರಾವತಿಗೆ ಬಿಸಾಡ್ತೇನೆ ನೋಡು!" ಪ್ರಾಪ್ತಿ ನಗಲು ಶುರು ಮಾಡಿದಳು. "ಮಾಮ, ಊರಿಗೆಲ್ಲ ಬುದ್ಧಿ ಹೇಳುದು ನೀವೇ ಅಲ್ವಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. ಆ ನೀರು ನಗುವಿನದೇ ಆಗಿ ಉಳಿಯಲಿಲ್ಲ, ಸ್ವಲ್ಪ ಹೊತ್ತು ಅತ್ತಳು. ಎರಡು ವರ್ಷದಿಂದ ಅವಳು ಅತ್ತದ್ದನ್ನು ನಾವು ಕಂಡಿರಲಿಲ್ಲ. ನಾನು ಸ್ಪ್ರಿಂಗಿನ ಬಗ್ಗೆ ಮಾತಾಡಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ ಅವಳ ಕೈ ಹಿಡಿದುಕೊಂಡು ಕೂತೆ.

ಮಡಂತ್ಯಾರು ಪೇಟೆ ಬಂದಾಗ ಅವಳು, "ಮಾಮ, ಇಲ್ಲಿ ಒಮ್ಮೆ ನಿಲ್ಸಿ" ಎಂದಳು. ನೀರು ಬೇಕೇನೋ ಎಂದುಕೊಂಡೆ. ಅವಳು ಇಳಿದು, ಸೊಂಟಕ್ಕೆ ಕೈಕೊಟ್ಟುಕೊಂಡು, ಒಂದು ಬಟ್ಟೆ ಅಂಗಡಿಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಒಂದು ಹಳದಿ ಟೊಪ್ಪಿ ಇತ್ತು. ನನ್ನ ಮುಷ್ಟಿಗಿಂತ ಸಣ್ಣದು. ಪೊಟ್ಟಣ ಕಟ್ಟಿಸಿಕೊಳ್ಳದೆ ಹಾಗೆಯೇ ತಂದಿದ್ದಳು, ಯಾರಿಂದಲೂ ಅಡಗಿಸುವ ಯೋಚನೆ ಇಲ್ಲದೆ. ನಾನು ಕನ್ನಡಿಯಲ್ಲಿ ಕಾಂತಿಯನ್ನು ನೋಡಿದೆ. ಅವಳು ಬಾಯಿ ತೆರೆದಳು, ಟೊಪ್ಪಿ ನೋಡಿದಳು, ಮಗಳ ಮುಖ ನೋಡಿದಳು, ಬಾಯಿ ಮುಚ್ಚಿದಳು. ಮನೆಗೆ ಹೋದ ಮೇಲೆ, "ಅಂಗಡಿಯದ್ದು ಧೂಳು ಇರ್ತದೆ" ಎಂದು ತಾನೇ ಅದನ್ನು ಬಿಸಿನೀರಿನಲ್ಲಿ ತೊಳೆದು, ಕಾಲೇಜು ಹುಡುಗರ ಜೀನ್ಸ್ ಪ್ಯಾಂಟುಗಳ ನಡುವೆ ಒಣಗಲು ಹಾಕಿದಳು. ಮರುದಿನ ನಾನು ಹೊರಡುವಾಗಲೂ ಅದು ಅಲ್ಲೇ ತೂಗುತ್ತಿತ್ತು. ಒಣಗಿದ್ದರೂ ಯಾರೂ ತೆಗೆದಿರಲಿಲ್ಲ.

ಗುಂಪಿನವರಿಗೆ ಹೋಲಿಕೆಯನ್ನು ಮುಗಿಸಿ ಕಳುಹಿಸಿದ್ದೇನೆ. ಸಂಗ್ರಹಕ್ಕೆ ಎರಡನೆಯದು, ಮಳೆಗಾಲದ ಮಜಾಕ್ಕೆ ಮೊದಲನೆಯದು, ದಿನಬಳಕೆಗೆ ಮೂರನೆಯದು. ಯಾವುದನ್ನು ತೆಗೆದುಕೊಂಡರೂ ಅಕ್ಷರ ಓದಿ ಎಂದು ಇನ್ನೊಮ್ಮೆ ಬರೆದೆ. ಯಾಕೆ ಎಂದು ಹೇಳಲಿಲ್ಲ, ಅಷ್ಟು ಮಾನ ಉಳಿಸಿಕೊಂಡಿದ್ದೇನೆ. ನಿನಗೆ ಮೂರೂ ಬರುತ್ತವೆ. ಆದರೆ ಮೊದಲು ಕೊಡುವುದು ಆ ಮೂರನೆಯದನ್ನೇ. ತಿಳಿದವರು ನಗಲಿ. ನನ್ನ ಹೆದರಿಕೆಯನ್ನು ಅರ್ಧ ಮಾಡಿ ತೋರಿಸಿ, ಪೂರ್ತಿ ಎಷ್ಟಿದೆ ಎಂದು ನನ್ನಿಂದಲೇ ಹೇಳಿಸಿದ ಗಡಿಯಾರ ಅದು. ನಿನ್ನ ಅಜ್ಜ ಮರದ ಮನುಷ್ಯ ಎಂದು ಯಾರಾದರೂ ಹೇಳಿದರೆ ಅದನ್ನು ತೋರಿಸು.

ಆ ಬುಧವಾರದ ಸದ್ದು ಇನ್ನೂ ನನ್ನ ಫೋನಿನಲ್ಲಿದೆ. ದಿನಾ ಬೆಳಗ್ಗೆ ಚಹಾ ಕುಡಿಯುವಾಗ ಹಾಕಿಕೊಳ್ಳುತ್ತೇನೆ. ಗಡಿಯಾರಗಳು ಕಪಾಟಿನಲ್ಲಿ ಇರುತ್ತವೆ. ಎಣಿಸುವುದಿಲ್ಲ, ಕೇಳುತ್ತೇನೆ ಅಷ್ಟೇ.

ಗಟ್ಟಿಯಾಗಿ ಅಳುತ್ತಾ ಬಾ, ಮಗು. ನಿನ್ನ ಅಮ್ಮನ ಕೈ ಸೇರು. ಟೊಪ್ಪಿ ಒಣಗಿದೆ.

ನಿನ್ನ ದಾರಿ ಕಾಯುತ್ತಿರುವ ಅಜ್ಜ,
ಕಮಲಾಕ್ಷ
ತೋಡಾರು